ಯಮನಪ್ಪನ ಮೂರು ಮನೆ

ಯಮನಪ್ಪ ಅಚ್ಚಾದ ಕಾಗದವನ್ನು ಎಂದೂ ಅಂಗೈಯಲ್ಲಿ ಹಿಡಿದವನಲ್ಲ. ಸತ್ತ ಇಲಿಯ ಬಾಲ ಹಿಡಿದಂತೆ ಮೂಲೆಯೊಂದನ್ನು ಎರಡೇ ಬೆರಳಲ್ಲಿ ಚಿವುಟಿ ಎತ್ತಿ, ಮುಖದಿಂದ ಮೊಳ ದೂರ ಇಟ್ಟುಕೊಂಡು, ಮೂಗು ಮೇಲೆ ಮಾಡಿ ಕೇಳುತ್ತಿದ್ದ: "ಇದು ಯಾರ ಮನೀದ್ರಿ ಸರ?" ಇಲಾಖೆಯ ಸುತ್ತೋಲೆಯಾಗಲಿ, ದಿನಪತ್ರಿಕೆಯಾಗಲಿ, ಹೆಡ್ ಮಾಸ್ತರರ ಟೇಬಲ್ಲಿಗೆ ಬಂದ ಲಗ್ನಪತ್ರಿಕೆಯಾಗಲಿ, ಅದೇ ಪ್ರಶ್ನೆ, ಅದೇ ಮೂಗು. ಅವನು ನಮ್ಮ ಹೈಸ್ಕೂಲಿನ ಸಿಪಾಯಿ. ಗಂಟೆ ಹೊಡೆಯುವುದು, ಕೋಣೆ ತೆಗೆಯುವುದು, ಟಪಾಲು ತರುವುದು ಅವನ ಕೆಲಸ. ಕಲಿತದ್ದು ನಾಲ್ಕನೆಯ ಇಯತ್ತೆ. ನಾನು ಬಿ.ಎಸ್ಸಿ., ಬಿ.ಎಡ್., ವಿಜ್ಞಾನದ ಮಾಸ್ತರ. ಇಂಥವನ ಮೂಗಿನ ಕೆಳಗೆ ಹನ್ನೊಂದು ವರ್ಷ ನೌಕರಿ ಮಾಡಿದೆ ಎಂದರೆ ನನಗೇ ನಗು ಬರುತ್ತದೆ.

ಕೊಪ್ಪಳ ಜಿಲ್ಲೆಯಾದ ಎರಡನೆಯ ವರ್ಷ ನಾನು ಆ ಊರಿಗೆ ಹೋದೆ. ಯಲಬುರ್ಗಾದಿಂದ ಮುಕ್ಕಾಲು ತಾಸಿನ ದಾರಿ. ಬಸ್ಸು ಬಂದರೆ ಮುಕ್ಕಾಲು ತಾಸು, ಬರದಿದ್ದರೆ ಒಂದು ದಿನ. ಗಂಗಾವತಿ ಕಡೆ ವರ್ಗಾವಣೆ ಸಿಗುವ ತನಕ ಹೆಂಗೋ ದಿನ ತಳ್ಳಿದರಾಯಿತು ಎಂದುಕೊಂಡು ಟ್ರಂಕು ಇಳಿಸಿದೆ. ಅದನ್ನು ಹೊತ್ತು ತಂದವನು ಯಮನಪ್ಪ. ಉದ್ದನೆಯ ಒಣಕಲು ಆಳು, ಖಾಕಿ ಅಂಗಿ, ಬಿಳಿ ಧೋತರ, ತಲೆಗೆ ಟೊಪಿಗೆ. ದಾರಿಯುದ್ದಕ್ಕೂ ನನ್ನ ಊರು, ಓಣಿ, ಅಪ್ಪನ ಕೆಲಸ, ಅವ್ವನ ತವರು, ಕಲಿತ ಕಾಲೇಜು ಎಲ್ಲ ಕೇಳಿದ. ಹೊಸ ಮಾಸ್ತರರ ಮೇಲಿನ ಗೌರವ ಎಂದುಕೊಂಡು ನಾನೂ ಉಬ್ಬಿ ಹೇಳಿದೆ. ಎಂಟು ದಿನ ಬಿಟ್ಟು ನನ್ನ ಕೋಣೆ ಕಸ ಹೊಡೆಯುತ್ತ, ತಲೆಯೆತ್ತದೆ, "ಬಿ.ಎಸ್ಸಿ. ಪರೀಕ್ಷಾಕ್ಕ ಎರಡ ಸಲ ಕುಂತಿದ್ರಂತ. ಅದೊಂದು ಬಿಟ್ಟು ಹೇಳಿದ್ರಲ್ರಿ" ಎಂದ. ನಮ್ಮೂರ ಕಡೆಯ ಬಸ್ಸಿನ ಕಂಡಕ್ಟರನನ್ನು ವಿಚಾರಿಸಿದ್ದನಂತೆ. ಬೇರೆ ಯಾರಿಗೂ ಹೇಳಿರಲಿಲ್ಲ, ಅದೊಂದು ದೊಡ್ಡತನ. ಆದರೆ ತನಗೆ ಗೊತ್ತಿದೆ ಎಂಬುದು ನನಗೆ ಗೊತ್ತಿರಲಿ ಎಂಬ ಸಣ್ಣತನವೂ ಅದರಲ್ಲೇ ಇತ್ತು.

ನನಗಿಂತ ಹದಿನೈದು ವರ್ಷ ದೊಡ್ಡವನನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಎಲ್ಲ ಮಾಸ್ತರರೂ ಹಾಗೇ ಕರೆಯುತ್ತಿದ್ದರು. ಈಗಲೂ ಹಾಗೇ ಬರೆಯುತ್ತಿದ್ದೇನೆ. ಸತ್ತ ಮೇಲೆ ಬಹುವಚನ ಹಚ್ಚುವ ನಾಟಕ ನನಗೆ ಬೇಡ. ಅವನು ನನ್ನನ್ನು ಸರ ಎನ್ನುತ್ತಿದ್ದ, ಆದರೆ ಆ ಸರದಲ್ಲಿ ಮರ್ಯಾದೆ ಹುಡುಕಿದರೂ ಸಿಗುತ್ತಿರಲಿಲ್ಲ. ಇಂಗ್ಲಿಷ್ ಮಾಸ್ತರರು ಇಂಗ್ಲಿಷ್ ಮಾತಾಡಿದ್ದನ್ನು ತಾನು ಒಂದು ದಿನವೂ ಕೇಳಿಲ್ಲ ಎಂದು ಅವರ ಎದುರಿಗೇ ಹೇಳುತ್ತಿದ್ದ. ಡ್ರಿಲ್ ಮಾಸ್ತರರ ಹೊಟ್ಟೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಬೈದರೆ ತಿರುಗಿ ಬೈಯುವ ಪೈಕಿಯಲ್ಲ. ಮೂಗು ಮೇಲೆ ಮಾಡಿ ಗಂಟೆಯ ಕಡೆ ಹೋಗಿಬಿಡುತ್ತಿದ್ದ, ಅದು ಬೈಗಳಕ್ಕಿಂತ ಕಡೆ.

ಸಿಪಾಯಿಗಿರಿ ಅವನ ಹೊಟ್ಟೆಪಾಡು, ಅಷ್ಟೇ. ಜೀವ ಇದ್ದದ್ದು ಸಂಬಂಧದ ವಿಚಾರಣೆಯಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣು ಕೊಡುವವರಾಗಲಿ ತರುವವರಾಗಲಿ, ಮಾತು ಗಟ್ಟಿ ಮಾಡುವ ಮೊದಲು ಯಮನಪ್ಪನನ್ನು ಕಳಿಸುತ್ತಿದ್ದರು. ಬಸ್ ಚಾರ್ಜು ಮತ್ತು ಒಂದು ಊಟ ಕೊಟ್ಟರೆ ಮುಗಿಯಿತು. ರವಿವಾರ ಬೆಳಿಗ್ಗೆ ಕುಷ್ಟಗಿಗೋ ಗಂಗಾವತಿಗೋ ಹೊರಟರೆ ಸಂಜೆಯೊಳಗೆ ಆ ಮನೆತನದ ಮೂರು ತಲೆಮಾರಿನ ಬಂಡವಾಳ ತರುತ್ತಿದ್ದ. ಆ ಮನೆಯ ಹೊಸ್ತಿಲು ಮಾತ್ರ ತುಳಿಯುತ್ತಿರಲಿಲ್ಲ. ಅವರ ಮನೆಯಲ್ಲಿ ಕೂತು ಅವರ ಚಹಾ ಕುಡಿದು ಅವರನ್ನೇ ನೀವು ಛಲೋ ಮಂದಿ ಹೌದೇನ್ರಿ ಎಂದು ಕೇಳುವವನು ಹುಚ್ಚ ಎನ್ನುತ್ತಿದ್ದ. ಹಿಟ್ಟಿನ ಗಿರಣಿ, ಕ್ಷೌರದ ಅಂಗಡಿ, ಆ ಮನೆಯವರ ಜೊತೆ ಬದುವಿನ ಜಗಳ ಇರುವ ಹೊಲದವನು, ಇವು ಅವನ ಠಾವುಗಳು. ಜಗಳದವನು ಹೇಳಿದ್ದರಲ್ಲಿ ಅರ್ಧ ಬಿಡಬೇಕು, ಗೆಳೆಯ ಹೇಳಿದ್ದರಲ್ಲಿ ಮುಕ್ಕಾಲು ಬಿಡಬೇಕು ಎಂಬುದು ಅವನ ಲೆಕ್ಕ.

ಒಮ್ಮೆ ಹೆಡ್ ಮಾಸ್ತರರ ಮಗಳಿಗೆ ಶ್ರೀರಾಮನಗರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಕಾಲುವೆ ನೀರಿನ ಆರೆಕರೆ ಭತ್ತದ ಗದ್ದೆ ಎಂದು ಸುದ್ದಿ. ಹೆಡ್ ಮಾಸ್ತರರ ತಮ್ಮ ಹೋಗಿ ಊರಲ್ಲಿ ಮೂವರನ್ನು ಕೇಳಿ, ಮೂವರೂ ಹೌದೆಂದರು ಎಂದು ಬಂದು ಹೇಳಿದ. ಮನೆಯಲ್ಲಿ ಹೋಳಿಗೆಗೆ ಬೇಳೆ ನೆನೆ ಹಾಕುವುದೊಂದೇ ಬಾಕಿ. ಆದರೂ ಇರಲಿ ಎಂದು ಯಮನಪ್ಪನನ್ನು ಕಳಿಸಿದರು. ಅವನು ಬಂದವನೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದ: ಆ ಮೂವರಲ್ಲಿ ಒಬ್ಬ ಹುಡುಗನ ಕಾಕಾ, ಇನ್ನೊಬ್ಬ ಕಾಕಾನ ಅಳಿಯ, ಮೂರನೆಯವನು ಅದೇ ಕಾಕಾನ ಮನೆಯಲ್ಲಿ ಬಾಡಿಗೆಗೆ ಇರುವವನು. ತಾನು ಕೇಳಿದ್ದು ಕಾಲುವೆ ನೀರು ಬಿಡುವವನನ್ನು. ಯಾವ ಗದ್ದೆಗೆ ಯಾರ ಹೆಸರಲ್ಲಿ ನೀರು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಆರೆಕರೆ ಇನ್ನೊಬ್ಬರದು, ಇವರು ವರ್ಷಕ್ಕಿಷ್ಟು ಗೇಣಿ ಕೊಟ್ಟು ಲಾವಣಿಗೆ ಮಾಡಿದ್ದು.

"ಮೂರು ಮಂದಿ ಕೇಳಿದ್ರ ಏನಾತ್ರಿ? ಮೂರು ಮನಿ ಕೇಳಬೇಕು" ಎಂದ. "ಒಂದ ಮನ್ಯಾಗ ಉಂಡು ಮೂರು ಬಾಗಲದಾಗ ನಿಂತು ಮಾತಾಡಿದ್ರ, ಅದು ಒಂದ ಮಾತು."

ಸಂಬಂಧ ಮುರಿಯಿತು. ಹೆಡ್ ಮಾಸ್ತರರು ಒಂದು ತಿಂಗಳು ಯಮನಪ್ಪನ ಮುಖ ನೋಡಲಿಲ್ಲ. ಖರೆ ಹೇಳಿದವನ ಮೇಲೆ ಸಿಟ್ಟಾಗುವುದು ನಮ್ಮ ಜನದ ಹಳೆಯ ಚಾಳಿ, ನಾನೂ ಅದೇ ಜನ.

ನಾನು ಹೋದ ಏಳೆಂಟು ವರ್ಷಕ್ಕೆ ಶಾಲೆಗಳಿಗೆ ಪ್ರಾಜೆಕ್ಟಿನ ಹುಚ್ಚು ಹತ್ತಿತು. ಒಬ್ಬನಿಗೆ ಭೂಮಿಯ ತಾಪ, ಒಬ್ಬಳಿಗೆ ಬಾಹ್ಯಾಕಾಶ, ಒಬ್ಬನಿಗೆ ನಮ್ಮ ಜಿಲ್ಲೆಯ ಪ್ರವಾಸಿ ತಾಣಗಳು. ಊರಲ್ಲಿ ಕಂಪ್ಯೂಟರ್ ಇಲ್ಲ. ಗ್ರಂಥಾಲಯ ಎಂದರೆ ಪಂಚಾಯಿತಿಯಲ್ಲಿ ಒಂದು ಕಪಾಟು, ಅದರ ಕೀಲಿ ಯಾರ ಹತ್ತಿರ ಇದೆ ಎಂಬುದೇ ಒಂದು ಪ್ರಾಜೆಕ್ಟಿನಷ್ಟು ಕೆಲಸ. ಹೀಗಾಗಿ ಮಾಹಿತಿ ಹುಡುಕುವ ಹೊಣೆ ವಿಜ್ಞಾನದ ಮಾಸ್ತರನಾದ ನನ್ನ ತಲೆಗೆ ಬಂತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮಕ್ಕಳ ವಿಷಯಗಳ ಪಟ್ಟಿ ಜೇಬಿಗೆ ಹಾಕಿಕೊಂಡು, ಕೊಪ್ಪಳದ ಬಸ್ ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ಹೋಗುತ್ತಿದ್ದೆ. ವಿಷಯದ ಹೆಸರು ಬಡಿಯುವುದು, ಮೊದಲು ಬಂದ ಮೂರನ್ನು ಪ್ರಿಂಟ್ ಹೊಡೆಸುವುದು, ಬಸ್ಸು ಹಿಡಿಯುವುದು. ಇದಕ್ಕೆ ನಾನು ಸಂಶೋಧನೆ ಎಂದು ಹೆಸರಿಟ್ಟಿದ್ದೆ. ಮೊದಲು ಬಂದದ್ದು ಯಾಕೆ ಮೊದಲು ಬಂತು ಎಂದು ಕೇಳುವ ಬುದ್ಧಿ ನನಗಿರಲಿಲ್ಲ, ನೆಟ್ ಸೆಂಟರಿನವನಿಗೆ ಅದರ ಗರಜೂ ಇರಲಿಲ್ಲ.

ಮಕ್ಕಳು ಇನ್ನೂ ಒಂದು ಕೈ ಮೇಲೆ. ಪ್ರಿಂಟಿನಲ್ಲಿ ಏನಿದೆಯೋ ಅದನ್ನು ಬಣ್ಣದ ಪೆನ್ನಿನಲ್ಲಿ ಬಿಳಿ ಹಾಳೆಗೆ ಇಳಿಸುತ್ತಿದ್ದರು. ಒಬ್ಬ ಹುಡುಗ "ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿರಿ" ಎಂಬುದನ್ನೂ ಬರೆದು, ಸುತ್ತ ಹೂಬಳ್ಳಿಯ ಚೌಕಟ್ಟು ಹಾಕಿದ್ದ. ಅಕ್ಷರ ದುಂಡಗಿವೆ ಎಂದು ನಾನು ಅವನಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಥೂ ನನ್ನ ಮಾಸ್ತರಿಕೆಗೆ.

ಈ ಪ್ರಿಂಟುಗಳ ಕಟ್ಟು ಯಮನಪ್ಪನ ಕೈ ದಾಟಿ ತರಗತಿಗೆ ಹೋಗಬೇಕು. ಅಲ್ಲೇ ಬಂತು ಕುತ್ತು. ಪ್ರತಿ ಸೋಮವಾರ ಮೇಲಿನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಯಾರ ಮನೆಯದು ಎಂದು ಕೇಳುವುದು. ಇಂಟರ್ನೆಟ್ಟಿನದು ಎಂದರೆ, ಅದು ಊರಿನ ಹೆಸರಾಯಿತು, ಮನೆಯ ಹೆಸರು ಹೇಳಿ ಎನ್ನುವುದು. ಹೇಳಲು ನನಗೆಲ್ಲಿ ಗೊತ್ತು? ಗೊತ್ತಿಲ್ಲ ಎನ್ನಲು ನನ್ನ ಡಿಗ್ರಿ ಬಿಡಬೇಕಲ್ಲ. ಇದು ಇಡೀ ಜಗತ್ತು ಓದುವಂಥದ್ದು ಎಂದು ಒಮ್ಮೆ ದಬಾಯಿಸಿದೆ. ಅವನು ಕಿಟಕಿಯ ಹೊರಗೆ ನೋಡುತ್ತ, "ನೀರಾಗಿನ ಎಮ್ಮಿಗೆ ಕಿಮ್ಮತ್ತು ಕಟ್ಟೂದು ಅಂದ್ರ ಇದ ನೋಡ್ರಿ. ಕೋಡು ಕಾಣಸ್ತಾವ, ಕಾಲು ಎಷ್ಟದಾವ ಯಾರಿಗ್ಗೊತ್ತು" ಎಂದ. ತರಗತಿಯ ಮುಂದಿನ ಸಾಲಿನ ಹುಡುಗಿಯರು ನಕ್ಕರು. ಆ ನಗು ನನಗೆ ಬಹಳ ದಿನ ಚುಚ್ಚಿತು.

ಪ್ರವಾಸಿ ತಾಣಗಳ ಹಾಳೆಯಲ್ಲಿ ಸಾಣಾಪುರದ ಕೆರೆಯ ಬಣ್ಣದ ಚಿತ್ರವಿತ್ತು. ಹಿಂದಿನ ರಾಜರು ರಾಣಿಯರ ಜಲಕ್ರೀಡೆಗೆ ಕಟ್ಟಿಸಿದ್ದು ಎಂದು ಕೆಳಗೆ ಬರೆದಿತ್ತು. ಆ ಸಾಲನ್ನು ಓದುವ ಹುಡುಗನ ಬಾಯಿಂದ ಕೇಳಿಸಿಕೊಂಡ ಯಮನಪ್ಪ ಬಾಗಿಲಲ್ಲೇ ನಿಂತ. "ಆ ಕೆರಿ ಒಡ್ಡಿಗೆ ನಮ್ಮ ಮಾವ ಮಣ್ಣು ಹೊತ್ತಾನ್ರಿ. ಅಂವ ರಾಜರ ಕಾಲದಾಂವಲ್ಲ, ಹೋದ ವರ್ಷ ಸತ್ತ" ಎಂದ. ಆಮೇಲೆ ನನ್ನ ಹತ್ತಿರ ಬಂದು, ಬರೆದವನಿಗೆ ಆ ಕೆರೆಯ ಹತ್ತಿರ ಏನಾದರೂ ಅಂಗಡಿ ಇದೆಯೇನು ನೋಡಿ ಎಂದು ಮೆಲ್ಲಗೆ ಹೇಳಿದ. ಹಾಳೆಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಕೆರೆ ದಂಡೆಯ ಒಂದು ಲಾಡ್ಜಿನ ಕೋಣೆಗಳ ಬಾಡಿಗೆ ಬರೆದಿತ್ತು. ನಾನು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ, ಅವನಿಗೆ ತೋರಿಸಲಿಲ್ಲ. ನಾಲ್ಕನೆಯ ಇಯತ್ತೆಯವನು ಗೆದ್ದ ಎಂದು ಒಪ್ಪುವುದಕ್ಕಿಂತ ರಾಣಿಯರು ಈಜಾಡಿದ್ದೇ ವಾಸಿ ಅನಿಸಿತ್ತು.

ಇಲ್ಲಿಯತನಕ ನಗುವ ಮಾತಾಯಿತು. ಇನ್ನು ಹೇಳುವುದು ನಗುವಂಥದ್ದಲ್ಲ.

ಆ ಊರಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಇತ್ತು. ಶಾಲೆಯ ಅರ್ಧ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಒಂಬತ್ತನೆಯ ತರಗತಿಯ ಶಿವಲೀಲಾ ಚುರುಕು ಹುಡುಗಿ, ಅವಳ ಹಲ್ಲೂ ಹಾಗೇ. ಅವಳ ಸೋದರಮಾವ ನಲವತ್ತಕ್ಕೇ ಮೊಣಕಾಲು ಮಡಚಲಾರದೆ ಕಟ್ಟೆಯ ಮೇಲೆ ಕಾಲು ಚಾಚಿಕೊಂಡೇ ಕೂತಿರುತ್ತಿದ್ದ. ಅವಳ ತಂಗಿ ಭಾಗ್ಯಾಗೆ ನಾಲ್ಕು ವರ್ಷ. ಈ ಸಣ್ಣದೊಂದಾದರೂ ಪಾರಾಗಲಿ ಎಂದು ಊರಿನ ನರ್ಸಮ್ಮ ಹೇಳಿದ್ದಕ್ಕೆ ಅವರ ತಾಯಿ ಪಾರವ್ವ ದಿನಾ ಒಂದೂವರೆ ಮೈಲಿ ನಡೆದು, ಹಳ್ಳದ ದಂಡೆಯ ಸಿಹಿನೀರಿನ ಬಾವಿಯಿಂದ ಒಂದು ಕೊಡ ತರುತ್ತಿದ್ದಳು. ಆ ಕೊಡ ಭಾಗ್ಯಾಳದು, ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಶಿವಲೀಲಾ "ನಮ್ಮೂರ ನೀರು" ಎಂಬ ಪ್ರಾಜೆಕ್ಟ್ ತೆಗೆದುಕೊಂಡಳು. ನಾನು ಕೊಪ್ಪಳಕ್ಕೆ ಹೋಗಿ ಹುಡುಕಿದೆ. ಮೂರು ವೆಬ್‌ಸೈಟು ಸಿಕ್ಕವು, ಮೂರರಲ್ಲೂ ಒಂದೇ ಉಪಾಯ: ನೀರನ್ನು ಚೆನ್ನಾಗಿ ಕುದಿಸಿದರೆ ಫ್ಲೋರೈಡ್ ಹೋಗುತ್ತದೆ. ಮೂರು ಕಡೆ ಇದೆ ಎಂದ ಮೇಲೆ ಇನ್ನೇನು ಬೇಕು ಎಂದು ಕನ್ನಡಕ್ಕೆ ಇಳಿಸಿ ಕೊಟ್ಟೆ. ಅವಳು ದೊಡ್ಡ ಚಾರ್ಟ್ ಬರೆದಳು. ಒಲೆ, ಪಾತ್ರೆ, ಹಬೆ, ಹಬೆಯ ಜೊತೆ ಹಾರಿ ಹೋಗುವ ಕೆಂಪು ಚುಕ್ಕೆಗಳು. ತಾಲೂಕಿನ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು, ಜಿಲ್ಲೆಗೆ ಆಯ್ಕೆಯಾಯಿತು. ಉಪ್ಪುನೀರು ಕುದಿಸಿದರೆ ನೀರು ಹೋಗಿ ಉಪ್ಪು ಉಳಿಯುತ್ತದೆ ಎಂದು ವರ್ಷ ವರ್ಷ ಪಾಠ ಮಾಡುವವನು ನಾನೇ. ಆ ಪಾಠ ನನ್ನ ತಲೆಯ ಒಂದು ಕೋಣೆಯಲ್ಲಿತ್ತು, ಪ್ರಿಂಟು ಇನ್ನೊಂದು ಕೋಣೆಯಲ್ಲಿತ್ತು, ನಡುವೆ ಬಾಗಿಲೇ ಇರಲಿಲ್ಲ.

ಯಮನಪ್ಪನ ಮನೆ ಪಾರವ್ವನ ಓಣಿಯಲ್ಲೇ. ಒಂದು ದಿನ ಎರಡನೆಯ ಗಂಟೆ ಹೊಡೆದು ನನ್ನ ಹತ್ತಿರ ಬಂದ. ಪಾರವ್ವ ಬಾವಿಗೆ ಹೋಗುವುದು ಬಿಟ್ಟು ತಿಂಗಳಾಯಿತು, ಬೋರಿನ ನೀರನ್ನೇ ಕುದಿಸಿ ಭಾಗ್ಯಾಗೆ ಕುಡಿಸುತ್ತಿದ್ದಾಳೆ, ನಿಮ್ಮ ಕಾಗದದಲ್ಲಿ ಇದೆಯಂತಲ್ಲ ಎಂದ. ನನಗೆ ಹೆಮ್ಮೆಯೇ ಆಯಿತು. ವಿಜ್ಞಾನ ಮನೆಯ ಒಲೆಗೆ ಮುಟ್ಟಿತು ಎಂದೆ. ಅವನು ಆ ಮೂರು ಹಾಳೆ ಕೇಳಿದ. ಟೇಬಲ್ಲಿನ ಮೇಲೆ ಒಂದರ ಪಕ್ಕ ಒಂದು ಹಾಸಿದ. ಇಂಗ್ಲಿಷ್ ಅಕ್ಷರ ಅವನಿಗೆ ಇರುವೆ ಸಾಲು. ಅವನು ನೋಡಿದ್ದು ಚಿತ್ರವನ್ನು. ಬಿಳಿ ಅಂಗಿಯ ಒಬ್ಬ ಹೆಂಗಸು ಗಾಜಿನ ಲೋಟ ಹಿಡಿದು ನಗುತ್ತಿದ್ದಳು, ಮೂರು ಹಾಳೆಯಲ್ಲೂ ಅವಳೇ, ಅದೇ ಲೋಟ, ಅದೇ ನಗು.

"ಈ ಹೆಣ್ಮಗಳು ಮೂರೂ ಮನ್ಯಾಗ ಅದಾಳಲ್ರಿ" ಎಂದ. "ಒಂದ ಫೋಟೋ ಮೂರು ಊರಾಗ ತೋರ್ಸಿದ್ರ ನಾವು ಆ ಸಂಬಂಧ ಅಲ್ಲೇ ಬಿಟ್ಟು ಬರ್ತೀವಿ."

ಆಮೇಲೆ ಚಿತ್ರದ ಕೆಳಗೆ ಬೆರಳಿಟ್ಟ. ಮೂರರಲ್ಲೂ ಅಲ್ಲೊಂದು ನೀರು ಕಾಯಿಸುವ ಕರೆಂಟಿನ ಪಾತ್ರೆಯ ಜಾಹೀರಾತಿತ್ತು. ಸಾರು ಕುದ್ದಷ್ಟೂ ಉಪ್ಪು ಏರುತ್ತದೆ ಎಂದು ತನ್ನ ಹೆಂಡತಿ ಅನ್ನುತ್ತಾಳೆ, ನೀರೊಳಗಿನ ವಿಷ ಮಾತ್ರ ಹೆಂಗೆ ಇಳಿಯುತ್ತದೆ ಎಂದು ಕೇಳಿದ. ಹೆಂಗಸರ ಸಾರಿನ ಮಾತು ತಂದು ನನ್ನ ವಿಜ್ಞಾನದ ಮೇಲೆ ಸುರಿದನಲ್ಲ ಎಂದು ಮೈ ಉರಿಯಿತು. ಇಡೀ ಸ್ಟಾಫ್ ರೂಮಿಗೆ ಕೇಳುವಂತೆ ಹೇಳಿದೆ: "ನೀ ಗಂಟಿ ಹೊಡಿ ಯಮನಪ್ಪ. ವಿಜ್ಞಾನ ನಾ ನೋಡ್ಕೋತೀನಿ."

ಅವನು ಮೂಗು ಮೇಲೆ ಮಾಡಲಿಲ್ಲ. ಹಾಳೆಗಳನ್ನು ಜೋಡಿಸಿಟ್ಟು ಹೋದ. ಮರುದಿನ ರಜೆ ಹಾಕಿದ. ಮೂರು ಬಾಟಲಿಯಲ್ಲಿ ಬೋರಿನ ನೀರು, ಪಾರವ್ವ ಕುದಿಸಿದ ನೀರು, ಬಾವಿಯ ನೀರು ತುಂಬಿಕೊಂಡು, ಕೊಪ್ಪಳದಲ್ಲಿ ನೀರು ಪರೀಕ್ಷೆ ಮಾಡುವ ಸರಕಾರಿ ಕಚೇರಿಗೆ ಹೋಗಿ ಕೊಟ್ಟು ಬಂದನಂತೆ. ಇದು ನನ್ನ ಕೆಲಸವಾಗಿತ್ತು. ನಾನು ಪ್ರತಿ ಶನಿವಾರ ಆ ಕಚೇರಿಯ ಮುಂದೆಯೇ ಹಾದು ನೆಟ್ ಸೆಂಟರಿಗೆ ಹೋಗುತ್ತಿದ್ದೆ.

ವಾರದ ಮೇಲೆ ಫಲಿತಾಂಶದ ಚೀಟಿ ತಂದು ನನ್ನ ಮುಂದಿಟ್ಟ. ಬೋರಿನ ನೀರು ಮಿತಿ ಮೀರಿತ್ತು. ಕುದಿಸಿದ ನೀರು ಅದಕ್ಕಿಂತ ಕೆಟ್ಟಿತ್ತು. ಬಾವಿಯದು ಕುಡಿಯಲು ಅಡ್ಡಿಯಿಲ್ಲ. ಓದಿ ಚೀಟಿಯನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿದೆ. ಅವನು ಗೆದ್ದವನ ಹಾಗೆ ನಿಂತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನ ಹತ್ತಿರ ಬೇಡಿಕೊಂಡ.

"ನಾ ಪಾರವ್ವಗ ಹೇಳಿದೆ. ಕೇಳವಲ್ಲಳು. ಸರ ಹೇಳ್ಯಾರ, ಕಂಪ್ಯೂಟರದಾಗ ಬಂದೈತಿ, ನೀ ಯಾರು ಅಂತಾಳ. ಆಕೀದು ತಪ್ಪಲ್ರಿ. ನನ್ನ ಮಾತು ಅಲ್ಲಿ ನಡಿಯೂದಿಲ್ಲ, ನಿಮ್ಮದು ನಡೀತೈತಿ. ಒಂದ ಸಲ ಬಂದು ಹೇಳ್ರಿ."

ಜಿಲ್ಲಾ ಪ್ರದರ್ಶನಕ್ಕೆ ಹನ್ನೆರಡು ದಿನ ಇತ್ತು. ಚಾರ್ಟಿಗೆ ಕಟ್ಟು ಹಾಕಿಸಿಯಾಗಿತ್ತು. ಮಾರ್ಗದರ್ಶಕ ಶಿಕ್ಷಕರು ಎಂದು ನನ್ನ ಹೆಸರು ಬಂಗಾರದ ಬಣ್ಣದಲ್ಲಿತ್ತು. ಈಗ ಪಾರವ್ವನಿಗೆ ಹೇಳಿದರೆ ಶಿವಲೀಲಾಗೆ ಗೊತ್ತಾಗುತ್ತದೆ, ಆ ಹುಡುಗಿ ಸುಳ್ಳು ಚಾರ್ಟ್ ಹಿಡಿದು ನಿಲ್ಲುವ ಪೈಕಿಯಲ್ಲ, ಪ್ರಾಜೆಕ್ಟ್ ಬೀಳುತ್ತದೆ, ನನ್ನ ಹೆಸರೂ ಬೀಳುತ್ತದೆ. ಪ್ರದರ್ಶನ ಮುಗಿಯಲಿ, ಆಮೇಲೆ ನಾನೇ ಹೋಗಿ ಹೇಳುತ್ತೇನೆ, ಹನ್ನೆರಡು ದಿನಕ್ಕೆ ಏನಾಗುತ್ತದೆ ಎಂದೆ.

"ಕೂಸು ನೀರು ಕುಡಿಯೂದು ಪ್ರದರ್ಶನಕ್ಕ ಕಾಯೂದಿಲ್ರಿ ಸರ" ಎಂದ.

ಮರುದಿನ ಮತ್ತೆ ಕೇಳಿದ. ಅದರ ಮರುದಿನವೂ ಕೇಳಿದ. ನಾಲ್ಕನೆಯ ದಿನದಿಂದ ಬೆಳಿಗ್ಗೆ ಶಾಲೆಯ ಗಂಟೆಗೆ ಮೊದಲು ತಾನೇ ಹಳ್ಳಕ್ಕೆ ಹೋಗಿ ಒಂದು ಕೊಡ ಬಾವಿ ನೀರು ತಂದು ಪಾರವ್ವನ ಬಾಗಿಲಿಗೆ ಇಡತೊಡಗಿದ. ಐವತ್ತು ದಾಟಿದ ಗಂಡಸು ಕೊಡ ಹೊತ್ತು ಊರೊಳಗೆ ಬಂದದ್ದು ನೋಡಿ ಓಣಿಯ ಹೆಂಗಸರು ನಕ್ಕರಂತೆ. ಪಾರವ್ವ ಆ ನೀರನ್ನು ಬೇಡ ಎನ್ನಲಿಲ್ಲ. ಸಿಹಿನೀರಿನಲ್ಲಿ ಬೇಳೆ ಲಗೂನ ಬೇಯುತ್ತದೆ ಎಂದು ಬೇಳೆಗೆ ಇಟ್ಟುಕೊಂಡಳು. ಮಗುವಿಗೆ ಮಾತ್ರ ಸರ ಹೇಳಿದ ನೀರನ್ನೇ ಕುಡಿಸಿದಳು. ಇದನ್ನು ಯಮನಪ್ಪ ನನಗೆ ಹೇಳಿದಾಗಲೂ ನಾನು ಎದ್ದು ಹೋಗಲಿಲ್ಲ. ಇಂಥ ಮನುಷ್ಯನನ್ನು ನಾನು ಬೇರೆಲ್ಲಾದರೂ ಕಂಡಿದ್ದರೆ ಮುಖಕ್ಕೆ ಉಗುಳುತ್ತಿದ್ದೆ.

ಕೊಪ್ಪಳದಲ್ಲಿ ಪರೀಕ್ಷಕರು ಶಿವಲೀಲಾಳ ಚಾರ್ಟಿನ ಮುಂದೆ ನಿಂತರು. ವಯಸ್ಸಾದ ಒಬ್ಬರು, ಕುದಿಸಿದರೆ ಹೋಗುತ್ತದೆ ಎಂದು ಎಲ್ಲಿ ಸಿಕ್ಕಿತು ಎಂದು ಕೇಳಿದರು. ಹುಡುಗಿ ವೆಬ್‌ಸೈಟಿನ ಹೆಸರು ಹೇಳಲಿಲ್ಲ. ನನ್ನ ಕಡೆ ಕೈ ಮಾಡಿ, "ನಮ್ಮ ಸರ ಹೇಳ್ಯಾರ್ರಿ" ಎಂದಳು. ಅವರು ನನ್ನನ್ನು ನೋಡಿದರು. ನಾನು ನಕ್ಕು ತಲೆಯಾಡಿಸಿದೆ. ಅವರೂ ತಲೆಯಾಡಿಸಿ ಅಂಕ ಬರೆದುಕೊಂಡರು. ಎರಡನೆಯ ಬಹುಮಾನ ಬಂತು. ಬೇರೆ ಊರಿನ ಇಬ್ಬರು ಮಾಸ್ತರರು ಚಾರ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋದರು. ನಾನು ಅವರನ್ನೂ ತಡೆಯಲಿಲ್ಲ.

ಮರುದಿನ ಸಂಜೆ ಯಮನಪ್ಪನನ್ನು ಕರೆದುಕೊಂಡು ಪಾರವ್ವನ ಮನೆಗೆ ಹೋದೆ. ಅವಳು ಒಲೆಯ ಮುಂದೆ ಇದ್ದಳು, ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಮಗಳಿಗೆ ಬಹುಮಾನ ಬಂದ ಖುಷಿಯಲ್ಲಿ ಕಂಬಳಿ ಹಾಸಿ ಕೂಡಿಸಿ ಸಕ್ಕರೆ ಕೊಟ್ಟಳು. ಸಕ್ಕರೆ ಬಾಯಲ್ಲಿ ಇಟ್ಟುಕೊಂಡೇ ಹೇಳಿದೆ. ಕಾಗದದಲ್ಲಿದ್ದದ್ದು ತಪ್ಪು, ಕುದಿಸಿದ ನೀರು ಇನ್ನೂ ಕೆಟ್ಟದ್ದು, ಭಾಗ್ಯಾಗೆ ಬಾವಿ ನೀರನ್ನೇ ಕೊಡು ಎಂದೆ. ಶಿವಲೀಲಾ ಬಾಗಿಲಲ್ಲಿ ಬಹುಮಾನದ ತಟ್ಟೆ ಹಿಡಿದುಕೊಂಡು ನಿಂತಿದ್ದಳು, ಮೆಲ್ಲಗೆ ಒಳಗೆ ಹೋದಳು. ಪಾರವ್ವ ಒಲೆಯ ಮೇಲಿನ ಪಾತ್ರೆ ಇಳಿಸಿ ಅಂಗಳಕ್ಕೆ ಚೆಲ್ಲಿದಳು. ಬಂದು ನಿಂತು ಒಂದೇ ಮಾತು ಕೇಳಿದಳು.

"ನಿಮಗ ಯಾವಾಗ ಗೊತ್ತಾತ್ರಿ ಸರ?"

"ನಿನ್ನಿ" ಎಂದೆ.

ಯಮನಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಯಾವ ಊರಿನ ಯಾವ ಮನೆಯ ಸುಳ್ಳನ್ನೂ ದಾಟಗೊಡದ ಮನುಷ್ಯ. ಈಗ ಬಾಯಿ ಬಿಡುತ್ತಾನೆ ಎಂದು ಕಾದೆ, ಬಿಡಲಿ ಎಂದೂ ಅನಿಸಿತು. ಅವನು ಬಿಡಲಿಲ್ಲ. ನಾನು ಸುಳ್ಳುಗಾರ ಎಂದು ಗೊತ್ತಾದರೆ ಪಾರವ್ವ ಬಾವಿಯ ಮಾತನ್ನೂ ನಂಬುತ್ತಿರಲಿಲ್ಲ. ಆ ಕೂಸಿನ ಸಲುವಾಗಿ ನನ್ನ ಮಾತಿನ ಬೆಲೆಯನ್ನು ಅವನು ಉಳಿಸಿದ. ಪಾರವ್ವ ಕೊಡ ತೆಗೆದುಕೊಂಡು ಕತ್ತಲಾಗುವ ಮೊದಲು ಬಂದೇನು ಎಂದು ಹಳ್ಳದ ಕಡೆ ಹೊರಟಳು. ನಾವಿಬ್ಬರೂ ಎದ್ದೆವು. ಆ ಹೆಚ್ಚೂಕಡಿಮೆ ಎರಡು ತಿಂಗಳಲ್ಲಿ ಮಗುವಿಗೆ ಎಷ್ಟು ಕೆಡುಕಾಯಿತು ಎಂದು ಯಾವ ಡಾಕ್ಟರೂ ಅಳೆದು ಹೇಳಲಾರ. ಅದನ್ನೇ ಹಿಡಿದುಕೊಂಡು ನಾನು ಈವರೆಗೆ ನಿದ್ದೆ ಮಾಡಿದ್ದೇನೆ.

ಸೋಮವಾರ ಎಂದಿನಂತೆ ಪ್ರಿಂಟಿನ ಕಟ್ಟು ಅವನ ಕೈಗೆ ಕೊಟ್ಟೆ. ತೆಗೆದುಕೊಂಡು, "ಆಯ್ತ್ರಿ ಸರ" ಎಂದು ತರಗತಿಗೆ ಒಯ್ದ. ಯಾರ ಮನೆಯದು ಎಂದು ಕೇಳಲಿಲ್ಲ. ಮರೆತಿದ್ದಾನೆ ಎಂದುಕೊಂಡೆ. ಮುಂದಿನ ವಾರವೂ ಕೇಳಲಿಲ್ಲ. ಅಂದಿನಿಂದ ನಾನು ಬಂದರೆ ಎದ್ದು ನಿಲ್ಲತೊಡಗಿದ. ಕೇಳದೆ ನೀರು ತಂದಿಡತೊಡಗಿದ. ಬೇರೆ ಮಾಸ್ತರರ ಮೇಲೆ ಅವನ ಮೂಗು ಮೊದಲಿನಂತೆಯೇ ಏರುತ್ತಿತ್ತು. ಇಂಗ್ಲಿಷ್ ಮಾಸ್ತರರು ಬೈಸಿಕೊಳ್ಳುತ್ತಿದ್ದರು, ಡ್ರಿಲ್ ಮಾಸ್ತರರು ಬೈಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಮರ್ಯಾದೆ, ವಿಚಾರಣೆ ಮುಗಿಸಿ ಬಿಟ್ಟು ಬಂದ ಮನೆಗೆ ಕೊಡುವಂಥದ್ದು. ಅವನು ನಿವೃತ್ತನಾಗುವ ತನಕ ಮೂರು ವರ್ಷ ಆ ಮರ್ಯಾದೆ ತಪ್ಪಲಿಲ್ಲ. ಅಷ್ಟರಲ್ಲಿ ನಾನು ನೆಟ್ಟಿನಲ್ಲಿ ಹುಡುಕುವುದನ್ನು ಸರಿಯಾಗಿ ಕಲಿತೆ. ಬರೆದವನು ಯಾರು, ಅವನಿಗೆ ಅದರಿಂದ ಏನು ಬರುತ್ತದೆ, ಅವನ ಮನೆಯ ನೆಂಟನಲ್ಲದ ಇನ್ನೊಬ್ಬ ಅದೇ ಮಾತು ಹೇಳಿದ್ದಾನೆಯೇ, ಎಲ್ಲ ಕೇಳಿ ಆಮೇಲೆ ಪ್ರಿಂಟ್ ಹೊಡೆಸುತ್ತಿದ್ದೆ. ಮಕ್ಕಳಿಗೂ ಅದನ್ನೇ ಕಲಿಸಿದೆ. ಒಂದು ದಿನವಾದರೂ ಅವನು ಕೇಳಿದರೆ ಹೇಳೋಣ ಎಂದು ಉತ್ತರ ಬಾಯಲ್ಲೇ ಇಟ್ಟುಕೊಂಡು ಓಡಾಡಿದೆ.

ಅವನು ಹೋದ ಸುದ್ದಿ ಗಂಗಾವತಿಯಲ್ಲಿದ್ದ ನನಗೆ ಮುಟ್ಟಿದ್ದು ಮಣ್ಣಾದ ಮೂರು ದಿನದ ಮೇಲೆ. ಕೊನೆಯ ಸಲ ಅವನನ್ನು ಕಂಡದ್ದು ಅದಕ್ಕೂ ಮೊದಲು, ವರ್ಗಾವಣೆಯ ಆರ್ಡರ್ ಬಂದಾಗ. ಹೇಳಿ ಹೋಗಬೇಕೆಂದು ಮನೆಗೆ ಹೋದೆ. ಕೈಯಲ್ಲಿ ಕೆಲವು ಹಾಳೆ ಇದ್ದವು, ಬೇಕೆಂದೇ ಒಯ್ದಿದ್ದೆ. ಫ್ಲೋರೈಡ್ ನೀರಿನ ಬಗ್ಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಡೆಯಿಂದ ತೆಗೆದು, ಶಿವಲೀಲಾಳ ಚಾರ್ಟಿನ ಬದಲು ಹೊಸ ಚಾರ್ಟಿಗೆ ಬರೆದುಕೊಂಡದ್ದು. ಅವನು ಕಟ್ಟೆಯಿಂದ ಎದ್ದು ನಿಂತ. ಕೂಡು ಎಂದರೂ ಕೂಡಲಿಲ್ಲ. ಹಾಳೆ ಕೊಟ್ಟೆ. ಒಂದೊಂದೇ ತಿರುವಿ ನೋಡಿ, "ಛಲೋ ಅದಾವ್ರಿ ಸರ" ಎಂದು ವಾಪಸು ಕೊಟ್ಟ. ನನಗೆ ತಡೆಯಲಾಗಲಿಲ್ಲ. ಏನೂ ಕೇಳುವುದಿಲ್ಲವೇ ಯಮನಪ್ಪ ಎಂದೆ. ಅವನು ಕೈ ಮುಗಿದು ನಿಂತು ಹೇಳಿದ:

"ನಿಮ್ಮನ್ನೇನು ಕೇಳೂದೈತ್ರಿ ಸರ."

ಅವನ ಹೆಂಡತಿ ಚಹಾ ತಂದಳು. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಅಷ್ಟು ಹೊತ್ತೂ ಅವನು ನನ್ನ ಎದುರಿಗೆ ನಿಂತೇ ಇದ್ದ.